ಅತಿಶಯೋಕ್ತಿಯಾಗಲಾರದು

ಮೊನ್ನೆ ಅಣ್ಣನ ಮಗಳು ಫೋನ್ ಮಾಡಿ "ಅತ್ತೆ, ಹಲ್ಮಿಡಿ ಶಾಸನದ ಮೇಲೆ ಅಸೈನ್‌ಮೆಂಟ್ ಕೊಟ್ಟಿದಾರೆ, ಎಂಟು ಪೇಜ್ ಬೇಕಂತೆ, ನೀನು ಎಂಎಲಿ ಬರ್ದಿದ್ಯಲ್ಲ ಅದನ್ನ ವಾಟ್ಸಾಪ್ ಮಾಡ್ಬಿಡು" ಅಂದ್ಲು. ಇದೆ ಕಣೇ, ಆದ್ರೆ ಕಳ್ಸಲ್ಲ ಅಂದೆ. ಮುನಿಸ್ಕೊಂಡು ಫೋನ್ ಇಟ್ಲು. ಅವಳಿಗೆ ಹೇಳ್ಬೇಕಾಗಿದ್ದನ್ನೇ ಇಲ್ಲಿ ಬರೀತಿದೀನಿ, ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ನಾನು ಓದಿದ್ದು ಬೇಲೂರು ತಾಲ್ಲೂಕಿನ ಕನ್ನಡ ಮೀಡಿಯಂ ಸ್ಕೂಲಲ್ಲಿ. ಪ್ರಬಂಧ ಅಂದ್ರೆ ನಮಗೆಲ್ಲ ಒಂದೇ ಅಚ್ಚು, ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಗ್ರಂಥಾಲಯದ ಮಹತ್ವ ಅಂತ ಬಂದ್ರೆ "ದೇಶ ಸುತ್ತು ಕೋಶ ಓದು" ಅಂತ ಶುರು ಮಾಡೋದು, ಕೊನೇಲಿ "ಆದ್ದರಿಂದ ನಾವೆಲ್ಲರೂ" ಅಂತ ಮುಗ್ಸೋದು. ನಮ್ಮ ಸ್ಕೂಲಲ್ಲಿ ಲೈಬ್ರರಿ ಅಂದ್ರೆ ಹೆಡ್‌ಮಾಸ್ಟರ್ ರೂಮಿನ ಬೀಗ ಹಾಕಿದ ಬೀರು, ಅದ್ರೊಳಗೆ ಏನಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಆದ್ರೂ ಅದರ ಮಹತ್ವದ ಬಗ್ಗೆ ಒಂದೂವರೆ ಪುಟ ಬರ್ದು ಫುಲ್ ಮಾರ್ಕ್ಸ್ ತಗೊಂಡಿದೀನಿ. ಡಿಗ್ರಿಲೂ ಅಷ್ಟೇ, ಗೈಡ್ ನೋಡ್ಕೊಂಡು ಭಟ್ಟಿ ಇಳ್ಸೋದು, ಪೇಜ್ ಎಷ್ಟಾಯ್ತು ಅಂತ ಎಣ್ಸೋದು.

ಎಂಎ ಹಿಸ್ಟರಿಗೆ ಸೇರಿದ ಮೊದಲ ಸೆಮಿಸ್ಟರ್‌ಗೆ ಇದೇ ಹಲ್ಮಿಡಿ ವಿಷಯ ತಗೊಂಡೆ, ನಮ್ಮ ತಾಲ್ಲೂಕಿಂದಲ್ವಾ ಅಂತ ಜಂಬ ಬೇರೆ. ಮೊದಲ ಸಾಲು ಇನ್ನೂ ಬಾಯಲ್ಲೇ ಇದೆ: "ಕನ್ನಡದ ಮೊಟ್ಟಮೊದಲ ಶಾಸನವಾದ ಹಲ್ಮಿಡಿ ಶಾಸನವು ಕ್ರಿ.ಶ. 450ರಲ್ಲಿ ಕೆತ್ತಲ್ಪಟ್ಟಿದ್ದು, ಇದು ಕನ್ನಡಿಗರ ಹೆಮ್ಮೆಯ ಕಿರೀಟ ಎಂದರೆ ಅತಿಶಯೋಕ್ತಿಯಾಗಲಾರದು."

ಹತ್ತಕ್ಕೆ ನಾಕು ಬಂತು. ಮಾರ್ಜಿನ್ ತುಂಬ ಕೆಂಪಿಂಕು. "450" ಅನ್ನೋದಕ್ಕೆ ಸುತ್ತು ಹಾಕಿ "ಕಲ್ಲಲ್ಲಿ ಇಸವಿ ಇದೆಯಾ?" ಅಂತ. "ಹಲವು ವಿದ್ವಾಂಸರ ಪ್ರಕಾರ" ಅನ್ನೋ ಕಡೆ "ಹೆಸರಿಲ್ವಾ ಅವ್ರಿಗೆ?" ಅಂತ. ಆ ಅತಿಶಯೋಕ್ತಿ ಹತ್ರ ಮೇಡಂ ಬರ್ದಿದ್ದು ಮಾತ್ರ ಇವತ್ತಿಗೂ ನೆನಪಾದ್ರೆ ನಗು ಬರುತ್ತೆ, ಅವತ್ತು ಹಾಸ್ಟೆಲ್ ಟೆರೇಸಲ್ಲಿ ಕೂತು ಅತ್ತಿದ್ದೆ: "ಆಗುತ್ತೆ. ಅದಕ್ಕೇ ಆಗಲ್ಲ ಅಂತ ಮೊದಲೇ ಹೇಳ್ತಿದೀಯ."

ಚೇಂಬರ್‌ಗೆ ಹೋಗಿ "ಮೇಡಂ, 450 ಅಂತ ಎಲ್ಲಾ ಪುಸ್ತಕದಲ್ಲೂ ಇದೆ" ಅಂದೆ. "ಇದೆಯಮ್ಮ, ಯಾಕಿದೆ ಅಂತ ನೋಡ್ಕೊಂಡು ಬಾ" ಅಂದ್ರು. ಅಷ್ಟೇ, ಇನ್ನೊಂದು ಮಾತಿಲ್ಲ.

ಹೋಗಿ ನೋಡಿದೆ. ಎಂ.ಎಚ್. ಕೃಷ್ಣ ಅವರು ಇದನ್ನ ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ ಪ್ರಕಟಿಸಿದ್ದು. ಆ ಹಳೇ ಇಂಗ್ಲಿಷ್ ವರದಿ ಪಕ್ಕ ಡಿಕ್ಷನರಿ ಇಟ್ಕೊಂಡು ಕೆಲವೇ ಪುಟ ಓದೋಕೆ ಮೂರು ದಿನ ಹಿಡೀತು. ಇರೋದು ಹದಿನಾರೇ ಸಾಲು. ಯುದ್ಧದಲ್ಲಿ ಪರಾಕ್ರಮ ತೋರಿಸಿದ ವಿಜ ಅರಸ ಅನ್ನೋನಿಗೆ ಪಲ್ಮಿಡಿ, ಮೂೞಿವಳ್ಳಿ ಅಂತ ಎರಡು ಊರು ಬಿಟ್ಟುಕೊಟ್ಟ ಲೆಕ್ಕ. ಇಸವಿ ಎಲ್ಲೂ ಇಲ್ಲ! ಕಕುಸ್ಥ ಅನ್ನೋ ಹೆಸರು ಬರುತ್ತೆ, ಅವನು ಕದಂಬರ ಕಾಕುಸ್ಥವರ್ಮನೇ ಅಂತ ಹಿಡ್ಕೊಂಡು, ಲಿಪಿ ಹೆಂಗಿದೆ ಅಂತ ನೋಡಿ, ಸುಮಾರು 450 ಅಂದಿದ್ದು. ಆ ಗುರುತನ್ನ ಶಾಸನತಜ್ಞ ಜಿ.ಎಸ್. ಗಾಯಿ ಒಪ್ಪಿಲ್ಲ, ಇನ್ನೊಬ್ಬ ಶಾಸನತಜ್ಞ ಡಿ.ಸಿ. ಸರ್ಕಾರ್ ಅಂತೂ ಶಾಸನವನ್ನೇ ಆರನೇ ಶತಮಾನದ ಕೊನೆಗೇ ತಳ್ಳಿದಾರೆ. ನಾನು ಬಾಯಿಪಾಠ ಮಾಡಿದ್ದ ಒಂದು ನಂಬರ್ ಹಿಂದೆ ಇಷ್ಟು ಜನ ಕೂತು ಜಗಳ ಆಡ್ತಿದಾರೆ ಅಂತ ನಂಗೆ ಯಾರೂ ಹೇಳೇ ಇರ್ಲಿಲ್ಲ, ಸಿಟ್ಟೂ ಬಂತು, ಒಂಥರಾ ಖುಷೀನೂ ಆಯ್ತು, ಅಂದ್ರೆ ಈ ಜಗಳದಲ್ಲಿ ನಾನೂ ಒಂದು ಮೂಲೇಲಿ ಕೂತ್ಕೋಬಹುದಲ್ಲ ಅಂತ.

ಇದ್ರ ಮಧ್ಯೆ ತಾಳಗುಂದದ ಸುದ್ದಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಹತ್ರ ಅಗೆದಾಗ ಸಿಕ್ಕ ಸಿಂಹಕಟಾಂಜನ (ಸಿಂಹ ಕೆತ್ತಿದ ಕಟಕಟೆ) ಶಾಸನ 370ರದ್ದು, ಅದೇ ಹಲ್ಮಿಡಿಗಿಂತ ಹಳೇದು ಅಂತ ಪೇಪರ್‌ನಲ್ಲಿ ಬಂದಿತ್ತು. ನನ್ನ ಮೊದಲ ಸಾಲಲ್ಲಿ ಉಳ್ಕೊಂಡಿದ್ದ "ಮೊಟ್ಟಮೊದಲ" ಕೂಡ ಹೋಯ್ತು.

ಮೂರು ಸಲ ಬರ್ದೆ. ಎರಡನೇ ಸಲ ಹೆದ್ರಿಕೊಂಡು ಪ್ರತಿ ಸಾಲಿಗೂ ಅಡಿಟಿಪ್ಪಣಿ ಹಾಕಿ, ಅವರು ಹೀಗಂದ್ರು ಇವರು ಹಾಗಂದ್ರು ಅಂತ ಬರೀ ಪಟ್ಟಿ ಮಾಡಿದ್ದೆ. ಮೇಡಂ ಓದಿ "ಎಲ್ರೂ ಮಾತಾಡಿದಾರೆ, ನೀನೆಲ್ಲಿದೀಯಮ್ಮ?" ಅಂದ್ರು. ಮೊದಲು ನೋಡಿದ್ರೆ ಯಾರ ಹೆಸರೂ ಇಲ್ಲ ಅಂತ ಬೈದ್ರು, ಈಗ ನಾನಿಲ್ಲ ಅಂತ ಬೈತಿದಾರೆ, ಇವ್ರಿಗೇನು ಬೇಕು ಅಂತ ರೂಮ್‌ಮೇಟ್ ಹತ್ರ ಅರ್ಧ ರಾತ್ರಿ ಬೈಕೊಂಡೆ. ಮೂರನೇ ಸಲಕ್ಕೆ ಅರ್ಥ ಆಯ್ತು. ಎಂಟು ಪೇಜಿದ್ದಿದ್ದು ಐದಾಯ್ತು. ಶುರು ಹಿಂಗಾಯ್ತು: "ಹಲ್ಮಿಡಿ ಶಾಸನದಲ್ಲಿ ಇಸವಿಯ ಉಲ್ಲೇಖವಿಲ್ಲ. 450 ಎಂಬುದು ಒಂದು ಊಹೆ. ಆ ಊಹೆಗೆ ಎರಡು ಆಧಾರಗಳಿವೆ." ಕಿರೀಟ ಗಿರೀಟ ಏನೂ ಇಲ್ಲ. ಮಾರ್ಕ್ಸ್ ಮೊದಲಿನ ನಾಕೇ ಉಳೀತು, ಇಂಟರ್ನಲ್ಸ್ ಆಗ್ಲೇ ಕಳ್ಸಾಗಿತ್ತು.

ಈಗ ನಾನೂ ಒಂದು ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಆಗಿ ಪಾಠ ಮಾಡ್ತೀನಿ, ಪರಿಸ್ಥಿತಿ ಗೊತ್ತು. ಒಂದು ಸೆಕ್ಷನ್‌ಗೆ ಎಂಬತ್ತು ಹುಡುಗ್ರು, ಎಲ್ರದ್ದೂ ಅಸೈನ್‌ಮೆಂಟ್ ಓದಿ ಮಾರ್ಜಿನ್‌ನಲ್ಲಿ ಪ್ರಶ್ನೆ ಬರಿಯೋಕೆ ಯಾವ ಮೇಷ್ಟ್ರಿಗೆ ಟೈಮಿದೆ ಹೇಳಿ. ಜೆರಾಕ್ಸ್ ಅಂಗಡೀಲಿ ಸಿಗೋದನ್ನ ಕಾಪಿ ಹೊಡ್ಕೊಂಡು ಬರ್ತಾರೆ, ಈಗ ಎಐ ಬೇರೆ ಬಂದಿದೆ, ಅದೂ ನೋಡಿದ್ರೆ ನಮ್ಮ ಹಳೇ ಗೈಡ್ ಥರಾನೇ ಉಪಸಂಹಾರ ಬರ್ಕೊಡುತ್ತೆ. ಯುಜಿಸಿ 2018ರಲ್ಲಿ ಕೃತಿಚೌರ್ಯಕ್ಕೆ ರೂಲ್ಸ್ ಮಾಡ್ತು, ಹೋಲಿಕೆ 10 ಪರ್ಸೆಂಟ್ ಒಳಗಿದ್ರೆ ದಂಡ ಇಲ್ಲ ಅಂತ. ಆದ್ರೆ ಪೂರ್ತಿ ಸ್ವಂತ ವಾಕ್ಯದಲ್ಲೇ ಏನೂ ಯೋಚ್ನೆ ಮಾಡ್ದೆ ಬರೀಬಹುದು, ಅದನ್ನ ಯಾವ ಸಾಫ್ಟ್‌ವೇರ್ ಹಿಡಿಯುತ್ತೆ? ನನ್ ಪ್ರಕಾರ ಸೆಮಿಸ್ಟರ್‌ಗೆ ಐದು ಅಸೈನ್‌ಮೆಂಟ್ ಬೇಡ, ಒಂದೇ ಕೊಡಿ, ಎರಡೇ ಪುಟ, ಆದ್ರೆ ಮೂರು ಸಲ ಬರ್ಸಿ. ಸ್ಟಾಫ್ ರೂಮಲ್ಲಿ ಇದನ್ನ ಹೇಳಿದಾಗ ಎಲ್ರೂ ಟೀ ಕುಡೀತಾ ನಕ್ಕರು. ಎರಡ್ಪುಟ ಇಂಟು ಮೂರು ಇಂಟು ಎಂಬತ್ತು ಅಂತ ಒಬ್ರು ಲೆಕ್ಕ ಹಾಕೇ ತೋರ್ಸಿದ್ರು, ಅವ್ರ ಲೆಕ್ಕ ತಪ್ಪಂತ ಹೇಳೋ ಹಂಗಿರ್ಲಿಲ್ಲ.

ಆ ಮೂರನೇ ಡ್ರಾಫ್ಟನ್ನ ಆಗ ರಜಕ್ಕೆ ಹೋದಾಗ ಅಪ್ಪನಿಗೆ ತೋರ್ಸಿದ್ದೆ. ಅಪ್ಪ ಶುಂಠಿ ಬೆಳೆಯೋರು, ದಿನಾ ಪೇಪರ್ ಒಂದಕ್ಷರ ಬಿಡದೆ ಓದೋ ಅಭ್ಯಾಸ. ಹಲ್ಮಿಡೀಲಿ ನಿಲ್ಸಿರೋ ಪ್ರತಿಕೃತಿ ಹತ್ರ ನನ್ನ ಚಿಕ್ಕೋಳಿದ್ದಾಗ್ಲೇ ಕರ್ಕೊಂಡು ಹೋಗಿ ಕೈ ಮುಗ್ಸಿದ್ದೋರು. ತಾಳಗುಂದದ ಭಾಗ ಬಂದಾಗ ಮುಖ ಸಣ್ಣಗಾಯ್ತು. "ಅಷ್ಟು ದೂರ ಓದೋಕೆ ಕಳ್ಸಿದ್ದು ನಮ್ಮೂರನ್ನ ಸೆಕೆಂಡ್ ಮಾಡೋಕೇನವ್ವಾ" ಅಂದ್ರು. ನಂಗೂ ಬೇಜಾರಾಯ್ತು, ಸುಮ್ನಿದ್ದೆ. ರಾತ್ರಿ ಊಟ ಆದ್ಮೇಲೆ ಕನ್ನಡಕ ಹಾಕ್ಕೊಂಡು ಜಗಲಿ ಮೇಲೆ ಮತ್ತೆ ಮೊದಲಿಂದ ಓದ್ತಾ ಕೂತಿದ್ರು. ಆಮೇಲೆ ಕೂಗಿದ್ರು, "ಬಾ ಇಲ್ಲಿ. ಇಲ್ಲಿ 'ಇತ್ತೀಚೆಗೆ ಕೆಲವರು' ಅಂತ ಹಾಕಿದೀಯಲ್ಲ, ಯಾರವರು ಕೆಲವರು?"

ನೋಡಿದೆ. ಆ ಸಾಲಿಗೊಂದಕ್ಕೆ ಅಡಿಟಿಪ್ಪಣಿ ಹಾಕಿರ್ಲಿಲ್ಲ.