ಆ್ಯಪಲ್ ಹ್ಯಾಂಡ್‌ಹೆಲ್ಡ್ ಮಾಡದಿದ್ದರೇ ಒಳ್ಳೆಯದು

2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2 ಎಂಬ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಬಿಡುಗಡೆಯಾದಾಗಿನಿಂದ, ಗೇಮಿಂಗ್ ಹುಚ್ಚಿರುವ ನನ್ನ ಗೆಳೆಯರ ನಡುವೆ ಹಳೆಯ ಪ್ರಶ್ನೆಯೊಂದು ಮತ್ತೆ ತಲೆಯೆತ್ತಿದೆ: ಆ್ಯಪಲ್ ಯಾಕೆ ಇಂಥದೊಂದು ಯಂತ್ರವನ್ನು ಮಾಡುವುದಿಲ್ಲ? ಚಿಪ್ ಅವರದೇ ಇದೆ, ಆಟ ಮಾರಲು ಅಂಗಡಿ ಇದೆ, ದುಡ್ಡಿಗಂತೂ ಬರವಿಲ್ಲ. ಇಷ್ಟೆಲ್ಲ ಇಟ್ಟುಕೊಂಡು ಸುಮ್ಮನೆ ಕುಳಿತಿರುವುದೇಕೆ ಎಂಬುದು ಅವರ ವಾದ. ನಾನೂ ಕೆಲವು ವರ್ಷ ಇದೇ ಮಾತನ್ನು ಆಡುತ್ತಿದ್ದವನೇ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಆ್ಯಪಲ್ ಈ ಮಾರುಕಟ್ಟೆಗೆ ಇಳಿಯಬಾರದು, ಇಳಿದರೆ ಸೋಲುತ್ತದೆ, ಮತ್ತು ಆ ಸೋಲಿಗೆ ತಂತ್ರಜ್ಞಾನದ ಕೊರತೆ ಕಾರಣವಾಗಿರುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ತಂತ್ರಜ್ಞಾನದ ವಿಷಯದಲ್ಲಿ ತಕರಾರೇ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 15 ಪ್ರೊ ಒಳಗಿನ ಎ17 ಪ್ರೊ ಚಿಪ್‌ನಲ್ಲಿ ಬೆಳಕು-ನೆರಳನ್ನು ನಿಜದಂತೆ ಮೂಡಿಸುವ ರೇ ಟ್ರೇಸಿಂಗ್‌ಗೆಂದೇ ಹಾರ್ಡ್‌ವೇರ್ ಇತ್ತು. ಅಲ್ಲಿಯವರೆಗೆ ಟಿವಿಗೆ ಹಚ್ಚುವ ದೊಡ್ಡ ಗೇಮ್ ಕನ್ಸೋಲ್‌ಗಳಲ್ಲಿ, ಕಂಪ್ಯೂಟರ್‌ಗಳಲ್ಲಿ ಆಡುತ್ತಿದ್ದ ರೆಸಿಡೆಂಟ್ ಈವಿಲ್ ವಿಲೇಜ್‌ನಂಥ ಆಟಗಳು ಜೇಬಿನೊಳಗಿನ ಫೋನಿನಲ್ಲಿ ಓಡಿದವು. ಆದರೆ ಓಡುವುದು ಬೇರೆ, ಆಡುವುದು ಬೇರೆ. ಈಚೆಗೊಂದು ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಟ್ಯಾಬ್ಲೆಟ್ಟಿನಲ್ಲಿ ಆಡುತ್ತಿದ್ದವನು ಎರಡು ನಿಮಿಷಕ್ಕೊಮ್ಮೆ ಕಣ್ಣು ಕೆಳಗಿಳಿಸಿ ತನ್ನ ಹೆಬ್ಬೆರಳು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದ. ಗಾಜಿನ ಮೇಲೆ ಬರೆದ ಬಟನ್ ಬೆರಳಿಗೆ ಸಿಗುವುದಿಲ್ಲ, ಬೆರಳು ಒಂದಿಷ್ಟು ಜಾರಿದರೂ ಆಟದೊಳಗಿನ ಮನುಷ್ಯ ಹೊಂಡಕ್ಕೆ ಬೀಳುತ್ತಾನೆ. ಕಪಾಟಿನಲ್ಲಿ ಧೂಳು ಹಿಡಿದಿದ್ದ ನನ್ನ ಹಳೆಯ ಸ್ವಿಚ್ ತೆಗೆದು, ಅರ್ಧ ಗಂಟೆ ಚಾರ್ಜ್‌ಗೆ ಹಾಕಿ ಅವನ ಕೈಗಿತ್ತೆ. ಒಳಗಿದ್ದದ್ದು ವರ್ಷಗಳ ಹಿಂದೆ ನಾನೇ ಹಾಕಿಟ್ಟು ಮರೆತಿದ್ದ ಆಟದ ಕಾರ್ಡ್. ನಾನು ಬಿಟ್ಟಿದ್ದ ಜಾಗದಿಂದಲೇ ಆಟ ಮುಂದುವರಿಯಿತು. ಆಮೇಲೆ ಊಟಕ್ಕೆ ಕರೆಯುವವರೆಗೆ ಹುಡುಗ ಒಮ್ಮೆಯೂ ತನ್ನ ಬೆರಳುಗಳತ್ತ ನೋಡಲಿಲ್ಲ.

ಬಟನ್ನಿನ ಕೊರತೆಯನ್ನು ನೀಗಿಸುವುದು ಸುಲಭ. ಫೋನಿನ ಎರಡೂ ಬದಿಗೆ ಕಚ್ಚಿಕೊಳ್ಳುವ ಕಂಟ್ರೋಲರ್‌ಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ನನ್ನ ತಲೆಯಲ್ಲಿ ಉಳಿದದ್ದು ಆ ಹಳೆಯ ಕಾರ್ಡ್, ಅದು ಏನೂ ತಕರಾರು ಮಾಡದೆ ತೆರೆದುಕೊಂಡದ್ದು.

ಗೇಮ್ ಕನ್ಸೋಲ್ ಎಂದರೆ ನನ್ನ ಪ್ರಕಾರ, ಆರೇಳು ವರ್ಷ ನಾನು ಹೀಗೆಯೇ ಇರುತ್ತೇನೆ ಎಂದು ಆಡುವವರಿಗೂ ಆಟ ಕಟ್ಟುವವರಿಗೂ ಕೊಟ್ಟ ಮಾತು. ದೊಡ್ಡ ಆಟವೊಂದನ್ನು ಕಟ್ಟಲು ನಾಲ್ಕೈದು ವರ್ಷ ಹಿಡಿಯುತ್ತದೆ. ಕಟ್ಟಿ ಮುಗಿಸುವಷ್ಟರಲ್ಲಿ ಯಂತ್ರವೇ ಬದಲಾಗಿಬಿಟ್ಟರೆ ಅವರ ಗತಿಯೇನು? ಮೊದಲ ಸ್ವಿಚ್ 2017ರ ಮಾರ್ಚ್‌ನಲ್ಲಿ ಬಂದಾಗಲೇ ಅದರೊಳಗಿನ ಟೆಗ್ರಾ ಎಕ್ಸ್1 ಚಿಪ್ ಎರಡು ವರ್ಷ ಹಳೆಯದು. ಅದೇ ಯಂತ್ರದ ಮೇಲೆ 2017ರಲ್ಲಿ ಬ್ರೆತ್ ಆಫ್ ದಿ ವೈಲ್ಡ್ ಎಂಬ ಆಟ ಬಂತು, ಆರು ವರ್ಷಗಳ ನಂತರ 2023ರಲ್ಲಿ ಅದರ ಮುಂದುವರಿಕೆಯೂ ಬಂತು. ಆ ಎರಡನೆಯ ಆಟದಲ್ಲಿ ಮರದ ದಿಮ್ಮಿ, ಚಕ್ರ, ಫ್ಯಾನುಗಳನ್ನು ಅಂಟಿಸಿ ಬೇಕಾದ ಗಾಡಿ ಕಟ್ಟಿಕೊಳ್ಳಬಹುದು. ಅಷ್ಟು ಹಳೆಯ ಚಿಪ್‌ನಿಂದ ಅಂಥ ಕೆಲಸ ತೆಗೆಯಲು ಸಾಧ್ಯವಾದದ್ದು, ಅದರ ಮೂಲೆಮೂಲೆಯನ್ನೂ ಅರಿತುಕೊಳ್ಳುವಷ್ಟು ಸಮಯ ಕಟ್ಟುವವರಿಗೆ ಸಿಕ್ಕಿದ್ದರಿಂದ.

ನಿಂಟೆಂಡೊಗೆ ಇದು ಹೊಸ ಬುದ್ಧಿಯೇನಲ್ಲ. ಗೇಮ್ ಬಾಯ್ ವಿನ್ಯಾಸದ ಹಿಂದಿದ್ದ ಗುನ್‌ಪೆ ಯೊಕೊಯ್, ಪಳಗಿದ ಅಗ್ಗದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎಂದು ನಂಬಿದ್ದವರು. 1989ರಲ್ಲಿ ಬಂದ ಆ ಯಂತ್ರಕ್ಕೆ ಬಣ್ಣವಿರಲಿಲ್ಲ, ಪರದೆಗೆ ಬೆಳಕಿರಲಿಲ್ಲ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಹತ್ತು ಗಂಟೆಗೂ ಹೆಚ್ಚು ಓಡುತ್ತಿತ್ತು. ಅದೇ ವರ್ಷ ಅಟಾರಿ ತಂದ ಲಿಂಕ್ಸ್‌ಗೂ ಮರುವರ್ಷ ಸೆಗಾ ತಂದ ಗೇಮ್ ಗೇರ್‌ಗೂ ಬಣ್ಣದ, ಬೆಳಗುವ ಪರದೆಯಿತ್ತು, ಆದರೆ ಆರು ಸೆಲ್‌ಗಳನ್ನು ನುಂಗಿ ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತಿದ್ದವು. ಗೇಮ್ ಬಾಯ್ ಮತ್ತು ಅದರ ಬಣ್ಣದ ಆವೃತ್ತಿ ಸೇರಿ 11.8 ಕೋಟಿಗೂ ಹೆಚ್ಚು ಮಾರಾಟವಾದವು. 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ 1989ರ ಕಾರ್ಟ್ರಿಜ್ ತುರುಕಿದರೂ ಆಟ ಶುರುವಾಗುತ್ತಿತ್ತು. (ನಾನು ಗೇಮ್ ಬಾಯ್ ಕಂಡವನಲ್ಲ. ನನ್ನ ಪಾಲಿಗೆ ಬಂದದ್ದು ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಹಟ ಹಿಡಿದು ಕೊಡಿಸಿಕೊಂಡ, ಮೈಮೇಲೆ 9999 ಆಟಗಳೆಂದು ಬರೆದುಕೊಂಡು ಒಳಗೆ ಹತ್ತನ್ನೂ ದಾಟದ ಇಟ್ಟಿಗೆ ಜೋಡಿಸುವ ಬ್ರಿಕ್ ಗೇಮ್. ಅದೂ ಸೆಲ್ ಬದಲಾಯಿಸಿಕೊಂಡು ಹೈಸ್ಕೂಲು ಮುಗಿಯುವವರೆಗೆ ಬಾಳಿತು.)

ಈಗ ಆ್ಯಪಲ್‌ನ ಸ್ವಭಾವವನ್ನು ನೋಡಿ. ಪ್ರತಿ ಸೆಪ್ಟೆಂಬರ್‌ಗೆ ಹೊಸ ಫೋನು, ಹೊಸ ಆಪರೇಟಿಂಗ್ ಸಿಸ್ಟಮ್, ಹಳೆಯದಕ್ಕೆ ವಿದಾಯ. 2017ರಲ್ಲಿ ಐಫೋನಿನ ಆಪರೇಟಿಂಗ್ ಸಿಸ್ಟಮ್ ಐಒಎಸ್ 11 ಬಂದಾಗ ಹಳೆಯ ಬಗೆಯ 32-ಬಿಟ್ ಆ್ಯಪ್‌ಗಳೆಲ್ಲ ಒಂದೇ ಏಟಿಗೆ ನಿಂತುಹೋದವು. ಕಟ್ಟಿದವರು ಕೈಬಿಟ್ಟಿದ್ದ ಸಾವಿರಾರು ಆಟಗಳು ಅವುಗಳೊಂದಿಗೇ ಹೋದವು. 2019ರಲ್ಲಿ ಮ್ಯಾಕ್‌ನಲ್ಲಿಯೂ ಅದೇ ಆಯಿತು. 2010ರಲ್ಲಿ ಆ್ಯಪಲ್ ತನ್ನದೇ ವೇದಿಕೆಯ ಮೇಲೆ ಫೋನಿನ ಸಾಮರ್ಥ್ಯಕ್ಕೆ ಸಾಕ್ಷಿಯೆಂಬಂತೆ ತೋರಿಸಿದ್ದ ಇನ್ಫಿನಿಟಿ ಬ್ಲೇಡ್ ಸರಣಿಯನ್ನು, ಅದರ ಒಡೆಯನಾದ ಎಪಿಕ್ ಕಂಪನಿಯೇ 2018ರ ಡಿಸೆಂಬರ್‌ನಲ್ಲಿ ಆ್ಯಪ್ ಸ್ಟೋರ್‌ನಿಂದ ಹಿಂತೆಗೆದುಕೊಂಡಿತು. ಬದಲಾಗುತ್ತಲೇ ಇರುವ ಯಂತ್ರಗಳಿಗೆ ಹಳೆಯ ಆಟವನ್ನು ಹೊಂದಿಸುತ್ತ ಕೂರುವುದು ಅವರಿಗೂ ಕಷ್ಟವಾಗಿತ್ತು. 2019ರಲ್ಲಿ ನಮ್ಮಲ್ಲಿ ತಿಂಗಳಿಗೆ 99 ರೂಪಾಯಿಗೆ ಶುರುವಾದ, ಚಂದಾ ಕಟ್ಟಿ ಆಡುವ ಆ್ಯಪಲ್ ಆರ್ಕೇಡ್‌ನಿಂದಲೂ 2022ರ ಹೊತ್ತಿಗೆ ಮೊದಮೊದಲಿನ ಆಟಗಳು ಕಣ್ಮರೆಯಾಗತೊಡಗಿದವು. ಫೋನ್ ವ್ಯಾಪಾರದಲ್ಲಿ ಈ ನಿರ್ದಯತೆಯೇ ಅವರ ಬಲ, ಅದನ್ನು ನಾನು ಹಳಿಯುವುದಿಲ್ಲ. ಅದೇ ಕೈ ಕನ್ಸೋಲ್ ಮಾಡಲು ಹೊರಟರೆ ನನಗೆ ಭಯವಾಗುತ್ತದೆ.

ಇನ್ನೊಂದು ಪ್ರಸಂಗ ಹೆಚ್ಚು ಜನರ ನೆನಪಿನಲ್ಲಿ ಉಳಿದಿಲ್ಲ. 2015ರಲ್ಲಿ ಟಿವಿಗೆ ಹಚ್ಚುವ ತಮ್ಮ ಪೆಟ್ಟಿಗೆಯಾದ ಆ್ಯಪಲ್ ಟಿವಿಗೆ ಆಟಗಳನ್ನು ತಂದಾಗ, ಪ್ರತಿಯೊಂದು ಆಟವೂ ಆ ಪೆಟ್ಟಿಗೆಯ ಜೊತೆ ಬರುವ ತೆಳ್ಳನೆಯ ರಿಮೋಟ್‌ನಲ್ಲಿ ಆಡಲು ಬರಲೇಬೇಕು ಎಂಬ ನಿಯಮ ಮಾಡಿದ್ದರು. ಹತ್ತು ಬಟನ್ ಬೇಡುವ ಆಟವನ್ನು ಆ ರಿಮೋಟ್‌ಗೆ ಇಳಿಸುವುದು ಸೌಟಿನಲ್ಲಿ ರಂಗೋಲಿ ಹಾಕಿದಂತೆ. ಮರುವರ್ಷ ನಿಯಮ ಸಡಿಲಿಸಿದರು, ಆದರೆ ಅಷ್ಟರಲ್ಲಿ ದೊಡ್ಡ ಆಟಗಳನ್ನು ಕಟ್ಟುವವರ ಆಸಕ್ತಿ ಇಳಿದುಹೋಗಿತ್ತು. ಅಂದದ ವಸ್ತುವಿಗೆ ಆಟ ಬಗ್ಗಬೇಕು ಎಂಬ ಧೋರಣೆ ಅಲ್ಲಿ ಕಾಣುತ್ತದೆ. ಇನ್ನು 1996ರಲ್ಲಿ ಜಪಾನಿನ ಆಟಿಕೆ ಕಂಪನಿ ಬಂಡಾಯ್ ಜೊತೆ ಸೇರಿ ತಂದ ಪಿಪ್ಪಿನ್ ಎಂಬ ಕನ್ಸೋಲ್, ಟಿವಿಗೆ ಹಚ್ಚಿ ಆಡುವಂಥದು, ಅಮೆರಿಕದಲ್ಲಿ 599 ಡಾಲರ್. ಸುಮಾರು 42 ಸಾವಿರ ಮಾರಾಟವಾಗಿ ಮರುವರ್ಷವೇ ಮುಗಿಯಿತು. ಅದು ಸ್ಟೀವ್ ಜಾಬ್ಸ್ ಮರಳುವ ಮುಂಚಿನ ಬೇರೆಯೇ ಆ್ಯಪಲ್ ಎಂದು ಗೆಳೆಯರು ಹೇಳುತ್ತಾರೆ. ಒಪ್ಪುತ್ತೇನೆ, ಅದನ್ನು ಪಕ್ಕಕ್ಕಿಡೋಣ.

ನನ್ನ ವಾದಕ್ಕೆ ನಿಜವಾದ ಸವಾಲು ಸೋನಿ. ದುಬಾರಿ, ನಾಜೂಕಿನ ಎಲೆಕ್ಟ್ರಾನಿಕ್ಸ್‌ಗೆ ಹೆಸರಾದ ಕಂಪನಿಯೊಂದು ಹ್ಯಾಂಡ್‌ಹೆಲ್ಡ್ ಮಾಡಿ ಗೆದ್ದ ಉದಾಹರಣೆ ಅದು. 2004ರ ಕೊನೆಯಲ್ಲಿ ಜಪಾನಿನಲ್ಲಿ ಬಂದ ಪಿಎಸ್‌ಪಿ ಸುಮಾರು 8 ಕೋಟಿ ಮಾರಾಟವಾಯಿತು. ಎದುರಾಳಿ ನಿಂಟೆಂಡೊ ಡಿಎಸ್ 15.4 ಕೋಟಿ ಮಾರಿತೆಂಬುದು ನಿಜವಾದರೂ, 8 ಕೋಟಿಯನ್ನು ಸೋಲೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಸೋನಿ ಆ ಹೊತ್ತಿಗೆ ಪ್ಲೇಸ್ಟೇಷನ್‌ನಲ್ಲಿ ಹತ್ತು ವರ್ಷ ಪಳಗಿತ್ತು, ಆಟ ಕಟ್ಟುವ ಸ್ವಂತ ಸ್ಟುಡಿಯೋಗಳಿದ್ದವು. ಆ್ಯಪಲ್ ತನ್ನ ಮೊದಲ ಗೇಮ್ ಸ್ಟುಡಿಯೋವನ್ನು ಕೊಂಡದ್ದು 2025ರಲ್ಲಿ, ಅದೂ ಇಬ್ಬರೇ ನಡೆಸುತ್ತಿದ್ದ ಪುಟ್ಟ ತಂಡ. ಇಷ್ಟಾಗಿಯೂ ಸೋನಿ ಎಡವಿದ್ದೆಲ್ಲಿ ಎಂದು ನೋಡಿದರೆ, ಅದು ಪ್ರೀಮಿಯಂ ಬುದ್ಧಿ ತಲೆಗೇರಿದಾಗಲೇ. 2009ರ ಪಿಎಸ್‌ಪಿ ಗೋ ಅಂಗೈಯಲ್ಲಿ ಹಿಡಿಸುವಷ್ಟು ಚೆಂದವಾಗಿತ್ತು. ಡಿಸ್ಕ್ ಹಾಕುವ ಜಾಗವನ್ನೇ ತೆಗೆದುಹಾಕಿದ್ದರಿಂದ ಮನೆಯಲ್ಲಿ ಆಟಗಳ ಡಿಸ್ಕ್ ಪೇರಿಸಿಟ್ಟುಕೊಂಡಿದ್ದವರಿಗೆ ಅದರಿಂದ ಕವಡೆಯ ಪ್ರಯೋಜನವಿರಲಿಲ್ಲ. 2011ರಲ್ಲಿ ಸೋನಿ ತಂದ ಮುಂದಿನ ಹ್ಯಾಂಡ್‌ಹೆಲ್ಡ್ ವೀಟಾದ ಒಎಲ್ಇಡಿ ಪರದೆ ಆ ಕಾಲಕ್ಕೆ ಕಣ್ಣು ಕುಕ್ಕುವಂತಿತ್ತು, ಆದರೆ ಎಲ್ಲೆಲ್ಲೂ ಸಿಗುವ ಮೆಮೊರಿ ಕಾರ್ಡ್ ಬಿಟ್ಟು ತನ್ನದೇ ದುಬಾರಿ ಕಾರ್ಡ್ ಕೊಳ್ಳಬೇಕೆಂದು ಸೋನಿ ಹಟ ಹಿಡಿಯಿತು. ಸ್ಟೋರೇಜ್‌ಗೆ ಬೇರೆ ಬೆಲೆ ಕಟ್ಟುವ ಈ ಚಾಳಿ ಆ್ಯಪಲ್ ಗ್ರಾಹಕರಿಗೆ ಅಪರಿಚಿತವೇನಲ್ಲ.

ಬೆಲೆಯ ಲೆಕ್ಕವೂ ಆ್ಯಪಲ್‌ಗೆ ಒಗ್ಗುವುದಿಲ್ಲ. ಕನ್ಸೋಲ್ ವ್ಯಾಪಾರದಲ್ಲಿ ಯಂತ್ರವನ್ನು ಅತ್ಯಲ್ಪ ಲಾಭಕ್ಕೋ ನಷ್ಟಕ್ಕೋ ಕೊಟ್ಟು, ಆಟಗಳಲ್ಲಿ ಹಣ ಎತ್ತುವುದು ರೂಢಿ. 2022ರಲ್ಲಿ ವಾಲ್ವ್ ಕಂಪನಿ ತಂದ ಸ್ಟೀಮ್ ಡೆಕ್ ಎಂಬ ಹ್ಯಾಂಡ್‌ಹೆಲ್ಡ್‌ಗೆ 399 ಡಾಲರ್ ಬೆಲೆ ಇಟ್ಟದ್ದು ನೋವಿನ ನಿರ್ಧಾರವಾಗಿತ್ತೆಂದು ವಾಲ್ವ್ ಮುಖ್ಯಸ್ಥರೇ ಒಪ್ಪಿಕೊಂಡಿದ್ದರು. ಆ್ಯಪಲ್ ಲಾಭ ತೆಗೆಯುವುದು ಮೊದಲು ಯಂತ್ರದಲ್ಲಿ. ಮೇಲಾಗಿ ಆಟದ ದುಡ್ಡು ಅದಕ್ಕೆ ಈಗಾಗಲೇ ಬರುತ್ತಿದೆ: ಆ್ಯಪಲ್ ವಿರುದ್ಧ ಎಪಿಕ್ ಹೂಡಿದ ಮೊಕದ್ದಮೆಯ 2021ರ ತೀರ್ಪಿನ ಪ್ರಕಾರ ಆ್ಯಪ್ ಸ್ಟೋರ್ ಆದಾಯದ ಸುಮಾರು ಶೇ 70ರಷ್ಟು ಗೇಮ್‌ಗಳಿಂದಲೇ ಬರುತ್ತಿತ್ತು, ಮತ್ತು ಅದನ್ನು ಕೊಡುತ್ತಿದ್ದವರು ಬಳಕೆದಾರರಲ್ಲಿ ಶೇ 10ಕ್ಕಿಂತ ಕಡಿಮೆ ಜನ. ಬಿಟ್ಟಿ ಆಟದೊಳಗೆ ನಾಣ್ಯ, ವಜ್ರಗಳನ್ನು ಮಾರಿ ಬರುವ ದುಡ್ಡಿನ ರುಚಿ ಕಂಡ ಸಂಸ್ಥೆಗೆ, ಒಮ್ಮೆ ಕೊಂಡು ನಲವತ್ತು ಗಂಟೆ ಆಡಿ ಮುಗಿಸುವ ಆಟವನ್ನು ಸಾಕುವ ತಾಳ್ಮೆ ಎಲ್ಲಿಂದ ಬರಬೇಕು?

ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಅಂಗಡಿ ತೆರೆದೇ ಇಲ್ಲವಲ್ಲ, ಆ್ಯಪಲ್ ಮಾಡಿದರೆ ನಮಗಾದರೂ ವಾರಂಟಿ ಇರುವ ಯಂತ್ರ ಸಿಗುತ್ತದಲ್ಲ ಎಂದು ಒಬ್ಬ ಗೆಳೆಯ ಕೇಳಿದ. ಮಾತು ಸರಿಯೇ. ಆದರೆ ಕಂತಿನಲ್ಲಿ ಐಫೋನ್ ಕೊಂಡ ಮನೆಗೆ, ಅದೇ ಚಿಪ್ ಇರುವ ಎರಡನೆಯ ಯಂತ್ರವನ್ನು ಅರವತ್ತೋ ಎಪ್ಪತ್ತೋ ಸಾವಿರ ಕೊಟ್ಟು ತರುವ ಕಾರಣವನ್ನು ಅವನೂ ಹೇಳಲಿಲ್ಲ. 2022ರ ಮೇ ತಿಂಗಳಲ್ಲಿ ಐಪಾಡ್ ಟಚ್ ನಿಲ್ಲಿಸಿದಾಗ, ಫೋನ್ ಅಲ್ಲದ ಜೇಬಿನ ಯಂತ್ರಕ್ಕೆ ಜಾಗವಿಲ್ಲವೆಂದು ಆ್ಯಪಲ್ಲೇ ತೀರ್ಮಾನಿಸಿದಂತಾಗಿತ್ತು.

ನನ್ನನ್ನು ಕೇಳಿದರೆ ಅವರು ಎರಡು ಕೆಲಸ ಮಾಡಲಿ. ಫೋನಿಗೆ ಹೊಂದುವ, ಕೈಗೆ ಒಗ್ಗುವ ಕಂಟ್ರೋಲರ್ ಒಂದನ್ನು ತಾವೇ ಮಾಡಿ ಏಳೆಂಟು ಸಾವಿರ ರೂಪಾಯಿಗೆ ಕೊಡಲಿ. ಹೊರಗಿನವರ ಹತ್ತಾರು ಬಗೆಯ ಕಂಟ್ರೋಲರ್‌ಗಳನ್ನು ನಂಬಿ ದೊಡ್ಡ ಆಟ ಕಟ್ಟಲು ಹಿಂಜರಿಯುವವರಿಗೆ ಅದರಿಂದ ಧೈರ್ಯ ಬಂದೀತು. ಮತ್ತೆ, ಇಂದು ದುಡ್ಡು ಕೊಟ್ಟು ಕೊಂಡ ಆಟ ಹತ್ತು ವರ್ಷಗಳ ನಂತರದ ಐಫೋನಿನಲ್ಲಿಯೂ ತೆರೆದುಕೊಳ್ಳುತ್ತದೆ ಎಂದು ಒಂದು ಸೆಪ್ಟೆಂಬರ್‌ನಲ್ಲಿ ವೇದಿಕೆಯ ಮೇಲೆ ನಿಂತು ಹೇಳಲಿ. ಮೊದಲನೆಯದನ್ನು ಅವರು ಮಾಡಿಯಾರು. ಎರಡನೆಯದನ್ನು ಹೇಳಿದ ದಿನ, ಹ್ಯಾಂಡ್‌ಹೆಲ್ಡ್ ಮಾಡಿ ಎಂದು ಗೆಳೆಯರ ಜೊತೆ ನಾನೂ ದನಿಗೂಡಿಸುತ್ತೇನೆ.