"ಮನೇಲಿ ಅತ್ತೆ ಇಲ್ವಾ?" ಅಂತ ಇನ್ನೊಂದ್ಸಲ ಯಾರೂ ಕೇಳ್ಬೇಡಿ

ನಾನು ಕೆಲಸಕ್ಕೆ ಹೋದಾಗ ಮಗಳನ್ನ ಯಾರು ನೋಡ್ಕೊಳ್ತಾರೆ ಅನ್ನೋ ವಿಷಯ ಬಂದಾಗೆಲ್ಲ ಇದೇ ಪ್ರಶ್ನೆ, ಈ ವಾರ ನಾಲ್ಕು ಕಡೆ ಕೇಳಿಸಿಕೊಂಡೆ. ಅಂಗನವಾಡಿಯಲ್ಲಿ, ಮಹಿಳಾ ಮತ್ತು ಮಕ್ಕಳ ಇಲಾಖೆ ಕಚೇರಿಯಲ್ಲಿ, ನಮ್ಮ ಆಫೀಸಲ್ಲಿ, ಕೊನೆಗೆ ತಿಂಗಳಾ ತಿಂಗಳಾ ದುಡ್ಡು ಎಣಿಸಿಕೊಳ್ಳೋ ಡೇ ಕೇರ್‌ನಲ್ಲೂ. ಅತ್ತೆ ಇದ್ದಾರೆ. ಟಿ. ನರಸೀಪುರದ ಹತ್ತಿರ ಊರಲ್ಲಿದ್ದಾರೆ. ಲಕ್ವ ಹೊಡೆದು ಮಲಗಿರೋ ಮಾವನ್ನ ಎತ್ತಿ ಕೂರಿಸಿ, ಬಾಯಿಗೆ ತುತ್ತಿಟ್ಟು, ಮೈ ಒರೆಸಿ ನೋಡ್ಕೊಳ್ತಿದ್ದಾರೆ. ಅವರನ್ನ ಬಿಟ್ಟು ಬನ್ನಿ ಅಂತ ನಾನು ಯಾವ ಬಾಯಲ್ಲಿ ಕರೀಲಿ? ನಮ್ಮಮ್ಮ ತೀರಿಕೊಂಡು ಐದು ವರ್ಷ ಆಯ್ತು. ಇದನ್ನೆಲ್ಲ ಮುಖಪರಿಚಯ ಇಲ್ಲದವರ ಟೇಬಲ್ ಮುಂದೆ ನಿಂತು ಹೇಳಿಕೊಳ್ಳಬೇಕಾ ನಾನು?

ನಮ್ಮ ಮನೆ ಲೆಕ್ಕ ಹೇಳ್ತೀನಿ ಕೇಳಿ. ಬೆಂಗಳೂರಿನ ಲಗ್ಗೆರೆಯಲ್ಲಿ ಬಾಡಿಗೆ ಮನೆ. ನಾನು ರಾಜಾಜಿನಗರದಲ್ಲಿ ಅಕೌಂಟ್ಸ್ ಕೆಲಸಕ್ಕೆ ಹೋಗ್ತೀನಿ, ಯಜಮಾನರಿಗೆ ಪೀಣ್ಯದಲ್ಲಿ ಶಿಫ್ಟ್ ಕೆಲಸ. ನನ್ನ ಕೈಗೆ ಬರೋದು 21 ಸಾವಿರ. ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಡೇ ಕೇರ್ ಫೀಸ್ 7,500, ಅದೂ ಸಂಜೆ ಆರು ಗಂಟೆವರೆಗೆ. ಆರರ ಮೇಲೆ ಅರ್ಧ ಗಂಟೆಗೆ 100 ರೂಪಾಯಿ. ನಾನು ಆಫೀಸ್ ಬಿಡೋದೇ ಆರಕ್ಕೆ, ಬಸ್ ಸಿಕ್ಕಿ ಬರೋ ಹೊತ್ತಿಗೆ ಏಳು. ಯಜಮಾನರಿಗೆ ಫಸ್ಟ್ ಶಿಫ್ಟ್ ಇದ್ದ ದಿನ ಅವರೇ ಕರ್ಕೊಂಡು ಬರ್ತಾರೆ, ಇಲ್ಲದ ದಿನ ದಂಡ ನಮ್ಮ ತಲೆಮೇಲೆ. ಹೋದ ತಿಂಗಳು ಅಂಥ ದಿನ ಹದಿನಾರು. 3,200 ರೂಪಾಯಿ ಬರೀ ಲೇಟಾಗಿದ್ದಕ್ಕೆ ಕೊಟ್ಟಿದ್ದೀನಿ. ಡೈಪರ್, ಹಾಲು, ಡಬ್ಬಿ ಎಲ್ಲ ನಮ್ಮದೇ. ಅರ್ಧ ಸಂಬಳ ಅಲ್ಲೇ ಹೋಯ್ತು. "ಹಂಗಾದ್ರೆ ಕೆಲಸ ಯಾಕೆ, ಬಿಟ್ಬಿಡು" ಅಂತಾರೆ. ಉಳಿಯೋ ಹತ್ತು ಸಾವಿರದಲ್ಲೇ ಮನೆ ಬಾಡಿಗೆ ಕಟ್ತಿರೋದು ಸ್ವಾಮಿ. ಈಗ ಬಿಟ್ಟರೆ ನಾಲ್ಕು ವರ್ಷ ಆದಮೇಲೆ ಯಾರು ಕರೆದು ಕೆಲಸ ಕೊಡ್ತಾರೆ?

ನಮ್ಮ ಬೀದಿ ಕೊನೆಗೇ ಅಂಗನವಾಡಿ ಇದೆ. ಆಧಾರ್, ತಾಯಿ ಕಾರ್ಡ್ ಎಲ್ಲ ಹಿಡ್ಕೊಂಡು ಅರ್ಧ ದಿನ ರಜೆ ಹಾಕಿ ಹೋದೆ. "ಮೂರು ವರ್ಷ ತುಂಬಿಲ್ವಲ್ಲಮ್ಮಾ" ಅಂದ್ರು. ಮೂರರೊಳಗಿನ ಮಕ್ಕಳಿಗೆ ಅಲ್ಲಿ ಸಿಗೋದು ಮನೆಗೆ ತಗೊಂಡು ಹೋಗೋ ಆಹಾರದ ಪ್ಯಾಕೆಟ್, ತೂಕ, ಚುಚ್ಚುಮದ್ದು. ಕೂರಿಸಿಕೊಳ್ಳಲ್ಲ. ಸರಿ, ಮೂರು ತುಂಬಿತು ಅಂತಲೇ ಇಟ್ಕೊಳ್ಳಿ. ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೀತಾರೆ, ಸಂಜೆ ನಾಲ್ಕಕ್ಕೆ ಬೀಗ. ನಾನು ಎಂಟೂಮುಕ್ಕಾಲಿಗೆ ಬಸ್ ಸ್ಟಾಪಲ್ಲಿ ಇರಬೇಕು. ನಾಲ್ಕು ಗಂಟೆಗೆ ಯಾವ ಕಂಪನಿ, ಯಾವ ಫ್ಯಾಕ್ಟರಿ, ಯಾವ ಅಂಗಡಿ ಹೆಂಗಸರನ್ನ ಮನೆಗೆ ಬಿಡುತ್ತೆ?

ಅಲ್ಲಿನ ಕಾರ್ಯಕರ್ತೆ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ, ಇದನ್ನ ಎದ್ದು ಕಾಣೋ ಹಾಗೆ ಹೇಳ್ತಿದ್ದೀನಿ. ನಾನು ಹೋದಾಗ ಆ ಅಕ್ಕ ಮೊಬೈಲ್ ಎತ್ತಿ ಹಿಡ್ಕೊಂಡು ನೆಟ್‌ವರ್ಕ್ ಹುಡುಕ್ತಾ ಹೊಸ್ತಿಲ ಮೇಲೆ ನಿಂತಿದ್ರು, ಆ್ಯಪ್‌ಗೆ ಹಾಜರಿ ಹತ್ತುತ್ತಿರಲಿಲ್ಲ. ಒಳಗೆ ಸಹಾಯಕಿ ಸೊಂಟದ ಮೇಲೆ ಅಳೋ ಮಗು ಕೂರಿಸಿಕೊಂಡೇ ಇನ್ನೊಂದು ಕೈಯಲ್ಲಿ ಸಾಂಬಾರ್ ತಿರುವುತ್ತಿದ್ರು. ಸರ್ವೆ ಅವರಿಗೆ, ಮತದಾರರ ಪಟ್ಟಿ ಅವರಿಗೆ, ತೂಕದ ರಿಜಿಸ್ಟರ್ ಅವರಿಗೆ. ಇಷ್ಟು ಮಾಡಿದ್ದಕ್ಕೆ ಸಂಬಳ ಅನ್ನೋ ಹೆಸರೂ ಇಲ್ಲ, ಗೌರವಧನ. ಆ ಇಬ್ಬರನ್ನೇ ಹಿಡಿದು ಏಳು ಗಂಟೆವರೆಗೆ ಕೂತ್ಕೊಳ್ಳಿ ಅನ್ನೋಕೆ ನನಗೆ ಮನಸ್ಸು ಬರಲ್ಲ. ಇನ್ನೂ ಇಬ್ಬರನ್ನ ತಗೊಳ್ಳಿ, ಸರಿಯಾಗಿ ಸಂಬಳ ಕೊಡಿ ಅಂತ ಸರ್ಕಾರಕ್ಕೆ ಕೇಳ್ತಿದ್ದೀನಿ.

ಈ ಅಂಗನವಾಡಿಗಳನ್ನ ನಡೆಸೋ ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ. ರಾಜ್ಯದಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಟಿ. ನರಸೀಪುರದಲ್ಲಿ. ನಮ್ಮ ಯಜಮಾನರೂ ಅಂಗನವಾಡಿ ಉಪ್ಪಿಟ್ಟು ತಿಂದೇ ಬೆಳೆದವರು. ಆಗ ಅತ್ತೆ ಕೂಲಿಗೆ ಹೋಗ್ತಿದ್ದ ಹೊಲ ಕೂಗಳತೆ ದೂರದಲ್ಲಿತ್ತು. ಮಧ್ಯಾಹ್ನ ಬಂದು ಮಗನ್ನ ಎತ್ಕೊಂಡು ಹೋಗಿ ಮರದ ಕೆಳಗೆ ಮಲಗಿಸಿ ಮತ್ತೆ ಕಳೆ ಕೀಳ್ತಿದ್ರಂತೆ. ಐವತ್ತು ವರ್ಷದಲ್ಲಿ ಆ ಹೊಲದ ಹೆಂಗಸರು ಗಾರ್ಮೆಂಟ್ಸ್‌ಗೆ ಬಂದ್ರು, ಆಫೀಸಿಗೆ ಬಂದ್ರು, ಮಾಲ್‌ಗಳಲ್ಲಿ ಕೌಂಟರ್ ಹಿಂದೆ ನಿಂತ್ರು. ಅಂಗನವಾಡಿ ಬೀಗ ಹಾಕೋ ಹೊತ್ತು ಮಾತ್ರ ನಮ್ಮ ಕೆಲಸದ ಹೊತ್ತಿಗೆ ಹೊಂದಲೇ ಇಲ್ಲ.

ಅಂಗನವಾಡಿಯಿಂದ ಇಲಾಖೆ ಕಚೇರಿಗೆ ಹೋದೆ. ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಅನ್ನೋ ಮಹಿಳೆಯರ ಕಾರ್ಯಕ್ರಮದಲ್ಲಿ "ಪಾಲನಾ" ಅಂತ ಒಂದು ಯೋಜನೆ ಇದೆ, ಅಂಗನವಾಡಿಯಲ್ಲೇ ಶಿಶುಪಾಲನಾ ಕೇಂದ್ರ, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ. ಓದಿಕೊಂಡೇ ಹೋಗಿದ್ದೆ. "ನಿಮ್ಮ ಏರಿಯಾಗೆ ಬಂದಿಲ್ಲಮ್ಮಾ" ಅಂದ್ರು. ಹೇಗೆ ಬರುತ್ತೆ? ಇಡೀ ದೇಶಕ್ಕೆ ಇಟ್ಟುಕೊಂಡ ಗುರಿಯೇ 17 ಸಾವಿರ ಕೇಂದ್ರ, ದೇಶದಲ್ಲಿರೋ ಅಂಗನವಾಡಿಗಳು ಸುಮಾರು 14 ಲಕ್ಷ. ಬಂದ್ರೂ ದಿನಕ್ಕೆ ಏಳೂವರೆ ಗಂಟೆ. ನಾನು ಮನೆ ಬಿಟ್ಟು ಮನೆ ಸೇರೋಕೆ ಹತ್ತು ಗಂಟೆ ಮೇಲಾಗುತ್ತೆ. ರಾಜ್ಯದ "ಕೂಸಿನ ಮನೆ" ಅನ್ನೋ ಶಿಶುಪಾಲನಾ ಕೇಂದ್ರಗಳ ಬಗ್ಗೆ ಕೇಳಿದೆ. 2023ರ ಬಜೆಟ್ಟಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಮಾಡ್ತೀವಿ ಅಂದಿದ್ದು, ಮುಖ್ಯವಾಗಿ ಉದ್ಯೋಗ ಖಾತ್ರಿಗೆ ಹೋಗೋ ತಾಯಂದಿರ ಮಕ್ಕಳಿಗೆ. ಒಳ್ಳೆ ಕೆಲಸ, ಅದು ಇನ್ನೂ ಹೆಚ್ಚಾಗಲಿ. ಆದರೆ ಲಗ್ಗೆರೆಯಲ್ಲಿ ಗ್ರಾಮ ಪಂಚಾಯಿತಿ ಎಲ್ಲಿಂದ ತರ್ಲಿ? ಆಗಲೇ ಆ ಟೇಬಲ್‌ನವರು ಪೆನ್ ಮುಚ್ಚಳ ಹಾಕ್ತಾ ಕೇಳಿದ್ದು, "ಮನೇಲಿ ಅತ್ತೆ ಇಲ್ವಾ?"

ಕಾನೂನು ನೋಡಿದ್ರೆ ಇನ್ನೂ ಹೊಟ್ಟೆ ಉರಿಯುತ್ತೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು 26 ವಾರ ರಜೆ ಕೊಟ್ರು, 50 ಜನ ಕೆಲಸ ಮಾಡೋ ಕಡೆ ಶಿಶುವಿಹಾರ ಕಡ್ಡಾಯ, ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗು ನೋಡಬಹುದು ಅಂದ್ರು. ನಮ್ಮ ಆಫೀಸಲ್ಲಿ ನಾವಿರೋದು 28 ಜನ. ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದೇ 50. 28 ಜನ ಇರೋ ಕಡೆ ಕೆಲಸ ಮಾಡೋಳ ಮಗು ಅಳಲ್ವಾ? ಅದಕ್ಕೆ ಹಸಿವಾಗಲ್ವಾ? ಚಿಕ್ಕ ಮಾಲೀಕರಿಗೆ ಶಿಶುವಿಹಾರ ಕಟ್ಟೋ ಶಕ್ತಿ ಇಲ್ಲ, ಒಪ್ತೀನಿ. ಅವರಿಗೆ ಶಕ್ತಿ ಇಲ್ಲದ ಕಡೆ ತಾನೇ ಸರ್ಕಾರ ಬರಬೇಕಾಗಿರೋದು?

ಕೆಳಗಿನ ಮನೆ ಹುಡುಗಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಅವಳ ಫ್ಯಾಕ್ಟರಿಯಲ್ಲಿ ಸಾವಿರಾರು ಜನ, ಮಕ್ಕಳ ಕೋಣೆನೂ ಇದೆ. ಆದರೆ ಬೆಳಗ್ಗೆ ಏಳೂವರೆಗೆ ಕಾಲಿಡೋಕೆ ಜಾಗ ಇಲ್ಲದ ಗಾಡಿಯಲ್ಲಿ ಒಂದೂವರೆ ವರ್ಷದ ಕೂಸನ್ನ ಎತ್ಕೊಂಡು ಹೋಗೋದು ಹೇಗೆ? ಕುಣಿಗಲ್ ಹತ್ತಿರ ತಾಯಿ ಮನೇಲಿ ಬಿಟ್ಟಿದ್ದಾಳೆ. ಮೊನ್ನೆ ಹಬ್ಬಕ್ಕೆ ಹೋಗಿ ಬಂದವಳು ಬಾಗಿಲಲ್ಲೇ ಕೂತು ಅತ್ತಳು. ಮಗ ಅಜ್ಜಿ ಸೆರಗು ಬಿಟ್ಟು ಇವಳ ಹತ್ರ ಬರಲೇ ಇಲ್ವಂತೆ. ಬಿಸ್ಕತ್ ತೋರಿಸಿ ಕರೆದಳಂತೆ. ಹೆತ್ತ ಮಗನ್ನ ಬಿಸ್ಕತ್ ತೋರಿಸಿ ಕರೆಯೋದು ಅಂದ್ರೆ ಏನು ಅಂತ ಆ ಕಚೇರಿಯವರು ಒಂದ್ಸಲ ಯೋಚನೆ ಮಾಡ್ಲಿ.

ನನ್ನ ಕೆಲಸವೇ ಲೆಕ್ಕ ಬರೆಯೋದು, ಅದಕ್ಕೇ ಈ ಮಾತು ಹೇಳ್ಲೇಬೇಕು. ನಮ್ಮ ಗಿರಾಕಿಗಳ ಕಾರಿನ ಸವಕಳಿ ಖರ್ಚಿಗೆ ಹಾಕ್ತೀನಿ. ಡ್ರೈವರ್ ಸಂಬಳ, ಪೆಟ್ರೋಲು, ಆಫೀಸಿನ ಕಾಫಿ ಪುಡಿ, ಎಲ್ಲ ಖರ್ಚು. ದುಡಿಯೋಕೆ ಅದೆಲ್ಲ ಬೇಕು ಅಂತ ಕಾನೂನು ಒಪ್ಪುತ್ತೆ. ನಾನು ದುಡಿಯೋಕೆ ಹೋಗಬೇಕಾದ್ರೆ ಮೊದಲು ನನ್ನ ಮಗುನ ಯಾರಾದ್ರೂ ನೋಡ್ಕೊಬೇಕು. ಆ 7,500 ಮಾತ್ರ ಯಾವ ಲೆಕ್ಕದಲ್ಲೂ ಖರ್ಚಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ಮಕ್ಕಳ ಟ್ಯೂಷನ್ ಫೀಸ್‌ಗೆ ವಿನಾಯಿತಿ ಇದೆ, ಡೇ ಕೇರ್ ರಸೀದಿಗೆ ಅಲ್ಲಿ ಜಾಗ ಇಲ್ಲ. ನನ್ನ ಸಂಬಳಕ್ಕೆ ತೆರಿಗೆ ಬೀಳಲ್ಲ, ಆದ್ದರಿಂದ ವಿನಾಯಿತಿ ಕೊಟ್ರೂ ನನಗೆ ಒಂದು ಪೈಸೆ ಉಪಯೋಗ ಇಲ್ಲ ಅನ್ನೋದೂ ಗೊತ್ತು. ನಮ್ಮಂಥೋರಿಗೆ ಬೇಕಾಗಿರೋದು ಬಾಗಿಲು ತೆಗೆದಿರೋ ಜಾಗ, ಇಲ್ಲವಾದ್ರೆ ಕೈಗೆ ಸಿಗೋ ದುಡ್ಡು.

ಸರ್ಕಾರಕ್ಕೆ ತಿಳಿಯದ ವಿಷಯವೂ ಅಲ್ಲ ಇದು. ಕೇಂದ್ರ ಸರ್ಕಾರಿ ನೌಕರಿಯಲ್ಲಿರೋ ತಾಯಂದಿರಿಗೆ ಮಕ್ಕಳನ್ನ ನೋಡ್ಕೊಳ್ಳೋಕೆ ಅಂತ ಸೇವಾವಧಿಯಲ್ಲಿ 730 ದಿನ ರಜೆ ಇದೆ. ಅವರಿಗೆ ಯಾಕೆ ಕೊಟ್ರಿ ಅಂತ ನಾನು ಕೇಳ್ತಿಲ್ಲ, ಕೊಟ್ಟಿದ್ದು ಸರಿ. ತನ್ನ ನೌಕರರ ಮಗು ಅಂದ್ರೆ ಅರ್ಥ ಆಗೋದು, ಲಗ್ಗೆರೆಯ ಮಗು ಅಂದಾಗ ಯಾಕೆ ಅರ್ಥ ಆಗಲ್ಲ?

2023ರ ಜೂನ್‌ನಿಂದ ಬಸ್ ಫ್ರೀ ಆಯ್ತು. ನನಗೆ ತಿಂಗಳಿಗೆ ಸಾವಿರದ ಮೇಲೆ ಉಳೀತು, ಸುಳ್ಳು ಹೇಳಲ್ಲ, ನಿಜವಾಗ್ಲೂ ಉಸಿರಾಡಿದೆ. ಹೆಂಗಸರು ಕೆಲಸಕ್ಕೆ ಹೋಗಲಿ ಅಂತ ತಾನೇ ಆ ಟಿಕೆಟ್ ಕೊಟ್ಟಿದ್ದು? ಹಾಗಾದ್ರೆ ಬಸ್ ಹತ್ತೋ ಮುಂಚೆ ಕಂಕುಳಲ್ಲಿರೋ ಮಗುನ ಎಲ್ಲಿ ಇಳಿಸಲಿ ಅನ್ನೋದನ್ನೂ ನೋಡಬೇಕಿತ್ತು. ವಾರ್ಡಿಗೆ ಒಂದು ಅಂಗನವಾಡಿ ಸಾಕು. ಬೆಳಗ್ಗೆ ಎಂಟರಿಂದ ರಾತ್ರಿ ಏಳೂವರೆವರೆಗೆ, ಎರಡು ಪಾಳಿಯಲ್ಲಿ ಜನ ಇಟ್ಟು ತೆಗೆದಿರಲಿ. ಪೀಣ್ಯದಂಥ ಕಡೆ ಹತ್ತಿಪ್ಪತ್ತು ಚಿಕ್ಕ ಫ್ಯಾಕ್ಟರಿಗಳಿಗೆ ಸೇರಿಸಿ ಒಂದು ಮಾಡಲಿ. ಧರ್ಮಕ್ಕೆ ಬೇಡ, ತಿಂಗಳಿಗೆ ಒಂದೂವರೆ ಸಾವಿರ ನಾನೇ ಕಟ್ತೀನಿ. ನಮ್ಮ ಬಿಲ್ಡಿಂಗಿನ ಐದು ಮನೆಯವರೂ ಕಟ್ತಾರೆ, ಕೇಳಿ ನೋಡಿದ್ದೀನಿ.

ಇವತ್ತೂ ಏಳಕ್ಕೆ ಹೋದೆ. ಎಲ್ಲ ಮಕ್ಕಳೂ ಹೋಗಿ ನನ್ನ ಮಗಳು ಒಬ್ಬಳೇ ಗೇಟಿನ ಒಳಗೆ ಬ್ಯಾಗ್ ಹಾಕ್ಕೊಂಡು, ಎಡಗಾಲಿನ ಶೂ ಬಲಗಾಲಿಗೆ ಹಾಕ್ಕೊಂಡು ಕೂತಿದ್ದಳು. ಆಯಾ ಆಗಲೇ ತನ್ನ ಚಪ್ಪಲಿ ಮೆಟ್ಟಿ ನಿಂತಿದ್ಲು, ಅವಳಿಗೂ ಮನೆ ಇದೆ, ಮಕ್ಕಳಿದ್ದಾರೆ. ಮನೆಗೆ ಬಂದು ಬ್ಯಾಗ್ ತೆಗೆದರೆ ಡೈರಿಯಲ್ಲಿ ಚೀಟಿ ಪಿನ್ ಮಾಡಿದ್ದಾರೆ. ಮುಂದಿನ ತಿಂಗಳಿಂದ ಫೀಸ್ 8,200, ಐದನೇ ತಾರೀಖಿನೊಳಗೆ ಕಟ್ಟಬೇಕು.