ಆರಿದ್ರಾ ಮಳೆಯೂ ಮೆರೂನ್ ಕಾರ್ಪೆಟ್ಟೂ

ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ವಸ್ತು ಯಾವುದು ಅಂತ ಕೇಳಿದರೆ ಉತ್ತರ ಹೇಳೋದು ಕಷ್ಟ. ಚಪ್ಪಲಿ, ಬೆಲ್ಟು, ಪರ್ಸು ಮಾಮೂಲು. ಮದುವೆ ಆಲ್ಬಂ, ಗೋಡೆಯ ಮೇಲಿನ ಅಜ್ಜನ ಫೋಟೊ, ಬೀಟೆ ಕುರ್ಚಿಯ ಕಾಲು, ಕಪಾಟಿನ ಹಿಂಬದಿ, ಜುಲೈ ಹೊತ್ತಿಗೆ ಎಲ್ಲದಕ್ಕೂ ಬೆಳ್ಳಗೆ ಒಂದು ಪದರ ಬಂದಿರುತ್ತದೆ. ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒರೆಸುತ್ತೇವೆ, ಮತ್ತೆ ಬರುತ್ತದೆ, ಮತ್ತೆ ಒರೆಸುತ್ತೇವೆ. ಈಗೀಗ ಈ ಸಾಲಿಗೆ ಕಾರ್ಪೆಟ್ ಬಂದು ಸೇರಿದೆ. ಇದು ಒರೆಸಿದರೆ ಹೋಗುವ ಗಿರಾಕಿ ಅಲ್ಲ.

ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳಿಗೆ ಕಾರ್ಪೆಟ್ ಅಂಗಡಿಯಿಂದ ಬರುವುದು ಕಡಿಮೆ, ಬೆಂಗಳೂರಿನಿಂದ ಬರುವುದೇ ಜಾಸ್ತಿ. ಅಲ್ಲಿನ ಫ್ಲ್ಯಾಟಿನಲ್ಲಿ ಸೋಫಾ ಬದಲಾಯಿತು, ಗೋಡೆಗೆ ಬೇರೆ ಬಣ್ಣ ಹೊಡೆಸಿದರು ಅಂದರೆ ಹಳೆಯದೆಲ್ಲ ಊರಿನ ಗಾಡಿ ಹತ್ತುತ್ತದೆ. ಬೇಡ ಅನ್ನುವ ಹಾಗಿಲ್ಲ. 'ಇಷ್ಟು ಒಳ್ಳೇದನ್ನ ಬಿಸಾಡಕ್ಕೆ ಮನಸ್ಸು ಬರಲ್ಲ ಕಣೋ' ಅಂತ ಅಕ್ಕ ಮೊದಲೇ ಫೋನ್ ಮಾಡಿರುತ್ತಾಳೆ. ಹೀಗೆ ಬಂದ ಟ್ರೆಡ್‌ಮಿಲ್ಲಿನ ಮೇಲೆ ನಾವು ಬಟ್ಟೆ ಒಣಹಾಕುತ್ತೇವೆ. ಮೀನಿಲ್ಲದ ಅಕ್ವೇರಿಯಮ್ಮಿನಲ್ಲಿ ಈರುಳ್ಳಿ ಇದೆ. ಕಾರ್ಪೆಟ್ಟಿಗೆ ಮಾತ್ರ ಬೇರೆ ಉಪಯೋಗ ಹೊಳೆಯದೆ ಅದನ್ನು ಜಗಲಿಗೇ ಹಾಸಿದೆವು. ಮೆರೂನ್ ಬಣ್ಣ, ಮಧ್ಯೆ ಬಳ್ಳಿ, ಅಂಚಿಗೆ ಜೂಲು. ಏಪ್ರಿಲ್‌ನಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು.

ಆರಿದ್ರಾ ಮಳೆ ಹಿಡಿಯುವುದು ಜೂನ್ ಕೊನೆಗೆ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಅನ್ನುವ ಊರು ನಮ್ಮದು, ಹಾಗಾಗಿ ಮಳೆಯನ್ನು ಬೈಯುವಂತಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಕಾರ್ಪೆಟ್ಟಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಆದರೂ ಜಗಲಿಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಮೊದಲು ನಾಯಿಯನ್ನು ಬೈದೆವು. ಆಮೇಲೆ ಮೂಲೆ ಎತ್ತಿ ನೋಡಿದರೆ ಗೊತ್ತಾಯಿತು. ಮೇಲೆ ಬಳ್ಳಿ ಹಾಗೇ ಇದೆ. ಅಡಿಯ ಸೆಣಬಿನ ನೇಯ್ಗೆಯಲ್ಲಿ ಮಾತ್ರ ಸಾಸಿವೆಕಾಳಿನಷ್ಟು ಗಾತ್ರದ ಹಸಿರು ಚುಕ್ಕೆಗಳು, ಸುತ್ತ ಬಿಳಿ ಅಂಚು. ಸೋಫಾದ ಕಾಲು ಒತ್ತಿದ ಕಡೆ ಚುಕ್ಕೆಗಳೆಲ್ಲ ಕೂಡಿ ಕಪ್ಪಗೆ ಒಂದು ಚೌಕ. ಬೆರಳಿಂದ ಕೆರೆದರೆ ನಾರು ಪುಡಿಪುಡಿಯಾಗಿ ಬಂತು. ಕೆಳಗಿನ ಕೆಂಪು ರೆಡ್ ಆಕ್ಸೈಡ್ ನೆಲ ಬೆವರಿ ಮಿಣಮಿಣ ಅನ್ನುತ್ತಿತ್ತು.

ಬೂಸ್ಟಿನ ಬೀಜ ಎಲ್ಲಿಂದಲೋ ಬರಬೇಕಾಗಿಲ್ಲ. ಅದು ಗಾಳಿಯಲ್ಲಿ ಸದಾ ಇರುತ್ತದೆ, ಬೆಂಗಳೂರಿನಲ್ಲೂ ಇತ್ತು. ಅದಕ್ಕೆ ಬೇಕಾದ್ದು ಊಟ ಮತ್ತು ತೇವ. ಊಟಕ್ಕೆ ಕೊರತೆಯೇ ಇಲ್ಲ. ಹತ್ತಿ, ಸೆಣಬು ಎರಡೂ ಗಿಡದ ನಾರು, ಅದಕ್ಕೆ ಇಷ್ಟವಾದದ್ದು. ನೈಲಾನ್ ದಾರವನ್ನು ಅದು ತಿನ್ನುವುದಿಲ್ಲ ನಿಜ, ಆದರೆ ದಾರದ ಬುಡದಲ್ಲಿ ಕೂತ ಧೂಳು, ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು, ಚಕ್ಕುಲಿ ಚೂರು ಸಾಕು. ಹಾಗಾಗಿ 'ಇದು ಸಿಂಥೆಟಿಕ್, ಏನೂ ಆಗಲ್ಲ' ಅನ್ನುವ ಅಂಗಡಿಯವರ ಮಾತು ಅರ್ಧ ಸತ್ಯ. ನಮ್ಮ ಕೈಯಲ್ಲಿರುವುದು ತೇವ ಒಂದೇ. ನೆಂದ ಕಾರ್ಪೆಟ್ 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗಿದರೆ ಬಚಾವ್. ಆಮೇಲೆ ಆಟ ಅದರದ್ದು.

ಮನೆಗೆ ಬಂದ ನೆಂಟರಲ್ಲಿ ಮದ್ದು ಹೇಳದವರಿಲ್ಲ. ಚಿಕ್ಕಪ್ಪ ಬ್ಲೀಚಿಂಗ್ ಪೌಡರ್ ಅಂದರು. ಅದು ಬೂಸ್ಟಿಗಿಂತ ಮೊದಲು ಮೆರೂನ್ ಬಣ್ಣವನ್ನು ತೆಗೆಯುತ್ತದೆ. ಅದರ ಮೇಲೆ ಇನ್ನೊಬ್ಬರ ಮಾತು ಕೇಳಿ ವಿನೆಗರ್ ಏನಾದರೂ ಸುರಿದರೆ ಕ್ಲೋರಿನ್ ಅನಿಲ ಎದ್ದು ಮನೆಮಂದಿಯೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಬರಬೇಕು. ಅವೆರಡನ್ನು ಯಾವತ್ತೂ ಸೇರಿಸಬಾರದು. ಕೆಳಗಿನ ಮನೆ ಅತ್ತೆ ಬೇವಿನ ಸೊಪ್ಪು ಇಡಿ ಅಂದರು. ಬೇವು, ನುಸಿಗುಳಿಗೆ ಇವೆಲ್ಲ ಹುಳಕ್ಕೆ. ಬೂಸ್ಟು ಹುಳ ಅಲ್ವಲ್ಲ. ಹಸಿ ಸೊಪ್ಪಿಟ್ಟರೆ ಅದಕ್ಕೆ ಇನ್ನೊಂದಿಷ್ಟು ತೇವ ಕೊಟ್ಟಂತಾಗುತ್ತದೆ ಅಷ್ಟೆ. ಪೇಟೆಯಿಂದ ಕಾರ್ಪೆಟ್ ತೊಳೆಯುವವರನ್ನು ಕರೆಸೋಣ ಅಂತ ಭಾವ ವಾಟ್ಸಾಪಿನಲ್ಲಿ ನಂಬರ್ ಕಳಿಸಿದರು. ಪುಷ್ಯ ಮಳೆಯಲ್ಲಿ ಕಾರ್ಪೆಟ್ಟಿಗೆ ಶಾಂಪೂ ನೀರು ಹಾಕಿ ತಿಕ್ಕಿಸುವುದು! ಬೇಸಾಯದ ಗದ್ದೆಗೆ ನೀರು ಬಿಟ್ಟುಕೊಂಡಂತೆ.

ಮಾಡಬೇಕಾದ ಕೆಲಸ ಇಷ್ಟು ರೋಚಕವಾಗಿಲ್ಲ. ಮಳೆ ನಿಂತು ಹೊಳವಾದ ಕೂಡಲೇ ಎಲ್ಲ ಬಿಟ್ಟು ಕಾರ್ಪೆಟ್ಟನ್ನು ಹೊರಗೆ ಒಯ್ಯಬೇಕು. ಒಳಗೆ ಕೊಡವಿದರೆ ಬೀಜವೆಲ್ಲ ಮನೆ ತುಂಬುತ್ತದೆ, ಸಾದಾ ವ್ಯಾಕ್ಯೂಮ್ ಕ್ಲೀನರ್ ಹಾಕಿದರೂ ಅದು ಹಿಂದಿನಿಂದ ವಾಪಸ್ ಊದುತ್ತದೆ. ತೀರಾ ಸಣ್ಣ ಕಣವನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ ಮೆಷಿನ್ ಆದರೆ ಅಡ್ಡಿಯಿಲ್ಲ. ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ಅಡಿಯ ಕಡೆ ಬ್ರಷ್ ಹೊಡೆಯಬೇಕು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಮೊದಲು ಮೂಲೆಯಲ್ಲಿ ಬಣ್ಣ ಬಿಡುತ್ತದಾ ನೋಡಿ, ಚುಕ್ಕೆಗಳ ಮೇಲೆ ಚಿಮುಕಿಸಿ, ಅರ್ಧ ಗಂಟೆ ಬಿಟ್ಟು, ಹಳೇ ಪಂಚೆಯಲ್ಲಿ ಒತ್ತಿ ತೆಗೆಯಬೇಕು. ತಿಕ್ಕಬಾರದು. ತಿಕ್ಕಿದರೆ ಇನ್ನೂ ಒಳಗೆ ಹೋಗುತ್ತದೆ. ಆಮೇಲೆ ಬಿಸಿಲು. ಬಿಸಿಲಿಲ್ಲವಾದರೆ ಎರಡೂ ಕಡೆ ಗಾಳಿ ಆಡುವಂತೆ ಬೆಂಚಿನ ಮೇಲೆ ಹಾಕಿ ಫ್ಯಾನು. ವಾಸನೆಗೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಗುಡಿಸಿದರಾಯಿತು. ಅಡಿಯ ನೇಯ್ಗೆಯೇ ಪುಡಿಯಾಗುತ್ತಿದ್ದರೆ ಮಾತ್ರ ಇದೆಲ್ಲ ದಂಡ. ಮನೆಯಲ್ಲಿ ಉಬ್ಬಸದವರು, ಸಣ್ಣ ಮಕ್ಕಳು ಇದ್ದರಂತೂ ಮೋಹ ಬಿಟ್ಟು ಎಸೆಯುವುದೇ ಸರಿ. ಸತ್ತ ಬೂಸ್ಟಿಗೂ ಸೀನು ಬರುತ್ತದೆ.

ಅಮ್ಮ ಇದನ್ನೆಲ್ಲ ನೋಡುತ್ತಾ ಅಡಿಕೆ ಕತ್ತರಿಸುತ್ತಿದ್ದವಳು ಕೇಳಿದ್ದು ಒಂದೇ. 'ಎತ್ತಿ ಮಡಚಕ್ಕೆ ಬರದೇ ಇರೋದನ್ನ ನೆಲಕ್ಕೆ ಎಂತಕ್ಕೆ ಹಾಸ್ತಾರೆ?'

ಪ್ರಶ್ನೆ ಸಣ್ಣದಲ್ಲ. ನಮ್ಮಲ್ಲಿ ನೆಲಕ್ಕೆ ಹಾಸುವುದು ಎಂದರೆ ಎತ್ತುವುದೂ ಸೇರಿಯೇ. ನೆಂಟರು ಬಂದರೆ ಚಾಪೆ ಬಿಚ್ಚುತ್ತೇವೆ, ಹೋದ ಮೇಲೆ ಸುತ್ತಿ ಮೂಲೆಗೆ ನಿಲ್ಲಿಸುತ್ತೇವೆ. ಪೂಜೆಗೆ, ತಾಳಮದ್ದಲೆಗೆ ಜಮಖಾನ ಹಾಸಿ ಮರುದಿನ ಕೊಡವಿ ಮಡಚುತ್ತೇವೆ. ನವಲಗುಂದದ ಜಮಖಾನ ಇದ್ದರಂತೂ ಅದು ಟ್ರಂಕು ಸೇರುತ್ತದೆ. ಧಾರವಾಡ ಜಿಲ್ಲೆಯ ಆ ಊರಿನ ಹೆಂಗಸರು ನಿಲುವು ಮಗ್ಗದಲ್ಲಿ ಹತ್ತಿ ನೂಲಿನಿಂದ ನೇಯುವ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದೂ ಹತ್ತಿಯೇ, ಬೂಸ್ಟಿಗೆ ಅದೂ ಪ್ರಿಯವೇ. ಆದರೆ ಒಂದೇ ಕಡೆ ಬಿದ್ದಿರದ ಕಾರಣ ಉಳಿಯುತ್ತದೆ. ಕುರಿ ಉಣ್ಣೆಯ ಕಂಬಳಿಯನ್ನು ಗದ್ದೆಯಲ್ಲಿ ಕೊಪ್ಪೆ ಮಾಡಿ ಹೊದ್ದು ತೋಯಿಸಿದರೂ ಸಂಜೆ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಏರುತ್ತಿತ್ತು.

ಆ ಒಲೆ ಹೋಗಿದ್ದೂ ಒಂದು ಕಾರಣ ಅಂತ ನನ್ನ ಗುಮಾನಿ. ಸೌದೆ ಒಲೆ ದಿನವಿಡೀ ಉರಿದು ಮನೆ ಬೆಚ್ಚಗಿರುತ್ತಿತ್ತು, ಹೊಗೆ ಹಂಚಿನ ಸಂದಿಯಿಂದ ಹೋಗುವಾಗ ತೇವವನ್ನೂ ಕರೆದುಕೊಂಡು ಹೋಗುತ್ತಿತ್ತು. ಹೊಗೆಯಲ್ಲಿ ಕಣ್ಣು ಹಾಳುಮಾಡಿಕೊಂಡ ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ಗ್ಯಾಸ್ ಬಂದದ್ದು ಒಳ್ಳೆಯದೇ. ಆದರೆ ಆರ್‌ಸಿಸಿ ಸೂರಿನ ಕೆಳಗೆ, ಗಾಜಿನ ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಹಾಕಿದರೆ ತೇವ ಎಲ್ಲಿಗೆ ಹೋಗಬೇಕು?

ಕಾರ್ಪೆಟ್ ಹುಟ್ಟಿದ್ದೇ ಒಣ ಸೀಮೆಗಳಲ್ಲಿ, ಚಳಿ ಜಾಗಗಳಲ್ಲಿ. ಈಗ ಸಿಕ್ಕಿರುವ ಅತಿ ಹಳೆಯ ಗಂಟುನೇಯ್ಗೆಯ ಕಾರ್ಪೆಟ್ ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್ ಎಂಬಲ್ಲಿನ ಗೋರಿಯೊಂದರದು. 1949ರಲ್ಲಿ ಸಿಕ್ಕಿತು. ಸುಮಾರು 2400 ವರ್ಷ ಹಳೆಯದು. ಅದರ ಜಿಂಕೆಗಳೂ ಕುದುರೆ ಸವಾರರೂ ಇವತ್ತಿಗೂ ಗುರುತು ಸಿಗುತ್ತಾರೆ. ಗೋರಿಯೊಳಗೆ ನೀರು ಇಳಿದಿತ್ತು, ಆದರೆ ಇಳಿದದ್ದು ಹೆಪ್ಪುಗಟ್ಟಿತು. ಅಷ್ಟು ಚಳಿಯಲ್ಲಿ ಬೂಸ್ಟು ಬೆಳೆಯುವುದಿಲ್ಲ. ಅದನ್ನೇ ನಮ್ಮ ಜಗಲಿಗೆ ಹಾಸಿದ್ದರೆ ಎರಡನೇ ಮಳೆಗಾಲಕ್ಕೆ ಸವಾರರು ಇರುತ್ತಿದ್ದರಾ? ಅನುಮಾನ.

ಚಳಿ ದೇಶ ಅಂದರೂ ಎಲ್ಲೆಡೆ ಸುಖವಿಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಬಾಡಿಗೆಗೆ ಹಿಡಿದ ಹಳೇ ಮನೆಯಲ್ಲಿ ಬಚ್ಚಲಿಗೂ ಕಾರ್ಪೆಟ್ ಹಾಸಿತ್ತಂತೆ. ಒಂದು ಕಾಲಕ್ಕೆ ಅಲ್ಲಿ ಅದು ಫ್ಯಾಶನ್ನು. ಚಿಕ್ಕಮ್ಮ ಮೊದಲ ಸಲ ಹೋದಾಗ ಚೊಂಬು ಹಿಡಿದು ಬಾಗಿಲಲ್ಲೇ ನಿಂತು, 'ಮಾರಾಯ, ಇಲ್ಲಿ ನೀರು ಹೊಯ್ಕೊಳ್ಳೋದು ಎಲ್ಲಿ?' ಅಂದರಂತೆ.

ನೆಲದ ತೇವ ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಒಂದು ಸುಲಭದ ಉಪಾಯ ಇದೆ. ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಬೇಕು. ಹನಿ ಹಾಳೆಯ ಅಡಿಯಲ್ಲಿ ನಿಂತರೆ ನೀರು ಮಣ್ಣಿನಿಂದ ಏರುತ್ತಿದೆ. ಮೇಲೆ ನಿಂತರೆ ಗಾಳಿಯದ್ದು. ನಮ್ಮ ಜಗಲಿಯಲ್ಲಿ ಎರಡೂ ಕಡೆ ಇತ್ತು. ಹಳೇ ಮನೆಗಳ ನೆಲದಡಿ ತೇವ ತಡೆಯುವ ಪದರ ಹಾಕಿರುವುದಿಲ್ಲ. ಮಣ್ಣಿನಿಂದ ಏರುವ ಕಡೆ ಮಳೆಗಾಲಕ್ಕೆ ಕಾರ್ಪೆಟ್ ಬೇಡವೇ ಬೇಡ. ಗಾಳಿಯದ್ದಾದರೆ ಕೋಣೆಯ ತೇವಾಂಶ ಶೇಕಡಾ 60ರ ಕೆಳಗೆ ಇರಬೇಕು ಅನ್ನುತ್ತಾರೆ. ಕಿಟಕಿ ತೆರೆದಿಡಿ ಅಂತಲೂ ಅನ್ನುತ್ತಾರೆ. ಹೊರಗೇ 90 ದಾಟಿರುವಾಗ ಕಿಟಕಿ ತೆರೆದರೆ ಬರುವುದು ಏನು? ಹಾಗಾಗಿ ಅಕ್ಕ ತೇವ ಹೀರುವ ಮೆಷಿನ್ ಕಳಿಸಿದಳು. ಒಳ್ಳೆಯ ಯಂತ್ರ. ಕರೆಂಟ್ ಇದ್ದಾಗ ದಿನಕ್ಕೆ ಬಕೆಟ್‌ಗಟ್ಟಲೆ ನೀರು ಹಿಂಡುತ್ತದೆ. ಆದರೆ ನಮ್ಮಲ್ಲಿ ಮಳೆಯೂ ಕರೆಂಟೂ ಒಟ್ಟಿಗೆ ಇರುವುದು ಅಪರೂಪ.

ಈಗ ಮನೆಯಲ್ಲಿ ಆಗಿರುವ ಏರ್ಪಾಡು ಸರಳ. ಇನ್ನೊಂದು ಕಾರ್ಪೆಟ್ ಬಂದರೆ ಅದು ದೀಪಾವಳಿಗೆ ಇಳಿದು ಮೇ ತಿಂಗಳಲ್ಲಿ ಅಟ್ಟ ಹತ್ತುತ್ತದೆ. ಖಡಕ್ಕಾಗಿ ಒಣಗಿಸಿ, ಹಳೇ ಕಾಟನ್ ಸೀರೆಯಲ್ಲಿ ಸುತ್ತಬೇಕು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ಮೆರೂನ್ ಕಾರ್ಪೆಟ್ ಏನಾಯಿತು ಅಂತ ಅಕ್ಕ ಇನ್ನೂ ಕೇಳುತ್ತಿರುತ್ತಾಳೆ. 'ಇದೆ, ದಿನಾ ಉಪಯೋಗಕ್ಕೆ ಬರ್ತಿದೆ' ಅನ್ನುತ್ತೇನೆ. ಸುಳ್ಳೇನಲ್ಲ. ನಾಲ್ಕು ತುಂಡು ಮಾಡಿ ಪಿಕಪ್ಪಿನಲ್ಲಿ ಹಾಕಿದ್ದೇವೆ. ತೋಟದ ದಾರಿಯ ಕೆಸರಲ್ಲಿ ಗಾಡಿ ಹೂತರೆ ಹಿಂದಿನ ಚಕ್ರದ ಕೆಳಗೆ ಒಂದೊಂದು ಕೊಟ್ಟು, ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರೆ ಸಾಕು, ಎದ್ದು ಬರುತ್ತದೆ.